ಒಂದ್ಸಲ ಚಾಂಪಿಯನ್, ಈಗ ಕೆಳಗಿನ ಡಿವಿಷನ್: ತಿಕ್ರಿತ್‌ನ ಸಲಾಹುದ್ದೀನ್ ಕ್ಲಬ್ ಕಥೆ ಬರೆಯೋದು ಹೇಗೆ?

ಪ್ರಶ್ನೆ: ನಮಸ್ಕಾರ ಸರ್. ನಾನು ಹಾಸನದವನು, ಕೆಲಸ ಬೆಂಗಳೂರಲ್ಲಿ. 2016ರ ಎಎಫ್‌ಸಿ ಕಪ್ (ಏಷ್ಯಾದ ಕ್ಲಬ್‌ಗಳ ಟೂರ್ನಿ) ಫೈನಲ್‌ನಲ್ಲಿ ನಮ್ಮ ಬೆಂಗಳೂರು ಎಫ್‌ಸಿ ಇರಾಕಿನ ಏರ್ ಫೋರ್ಸ್ ಕ್ಲಬ್ ಎದುರು ಸೋತಿತಲ್ಲ, ಅವತ್ತಿಂದ ಇರಾಕ್ ಫುಟ್ಬಾಲ್ ಬಗ್ಗೆ ಸಿಕ್ಕಿದ್ದೆಲ್ಲ ಓದ್ತಾ ಇದೀನಿ. ಅಲ್ಲಿನ ಲೀಗ್ ಚಾಂಪಿಯನ್‌ಗಳ ಪಟ್ಟಿ ನೋಡ್ತಿರುವಾಗ 1982–83ರ ಸಾಲಲ್ಲಿ ಸಲಾಹುದ್ದೀನ್ ಅನ್ನೋ ಕ್ಲಬ್ ಹೆಸರು ಸಿಕ್ತು. ಊರು ತಿಕ್ರಿತ್. ಈಗ ಕೆಳಗಿನ ಡಿವಿಷನ್‌ನಲ್ಲಿ ಆಡುತ್ತೆ. ಇದರ ಬಗ್ಗೆ ಕನ್ನಡದಲ್ಲಿ ಒಂದು ದೊಡ್ಡ ಲೇಖನ ಬರೀಬೇಕು ಅಂತ ಕೂತೆ, ಆದ್ರೆ ಒಬ್ಬೊಬ್ಬರು ಒಂದೊಂದು ತರ ಹೇಳ್ತಾರೆ. ಸದ್ದಾಂ ಊರು, ಅದಕ್ಕೇ ಕಪ್ ಕೊಟ್ರು ಅಂತ ಕೆಲವರು. ಇಲ್ಲ, ಬಾಗ್ದಾದ್ ಕ್ಲಬ್‌ಗಳನ್ನ ಮೆಟ್ಟಿ ನಿಂತ ಬಡ ಊರಿನ ಪವಾಡ ಅಂತ ಇನ್ನು ಕೆಲವರು. ಯಾವುದು ನಿಜ? ಅಂಥ ಕ್ಲಬ್ ಇಷ್ಟು ಕೆಳಗೆ ಬಂದಿದ್ದು ಯಾಕೆ? ಹಳೇ ಆಟಗಾರರನ್ನ ಫೇಸ್‌ಬುಕ್‌ನಲ್ಲಿ ಹುಡುಕಿ ಮಾತಾಡಿಸ್ಬಹುದಾ, ಅವರಿಗೆ ತೊಂದರೆ ಆಗಲ್ವಾ? ತಪ್ಪು ಬರೆದುಬಿಡ್ತೀನೇನೋ ಅಂತ ಭಯ.

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಪ್ರಶ್ನೆ ಇದ್ರೂ ಚಿಂತೆ ಒಂದೇ ಅಂತ ನಂಗನ್ಸುತ್ತೆ: ಸರ್ವಾಧಿಕಾರಿಯ ಊರಿನ ಕ್ಲಬ್ಬನ್ನ ಹೊಗಳಿದ್ರೆ ಸುಳ್ಳಿಗೆ ದನಿಗೂಡಿಸಿದ ಹಾಗೆ, ತೆಗಳಿದ್ರೆ ನಿಯತ್ತಾಗಿ ಆಡಿದ ಹುಡುಗರಿಗೆ ಅನ್ಯಾಯ ಮಾಡಿದ ಹಾಗೆ, ಎರಡರ ಮಧ್ಯೆ ಹೇಗೆ ಬರೆಯೋದು ಅನ್ನೋದು. ಪಶ್ಚಿಮ ಏಷ್ಯಾದ ಫುಟ್ಬಾಲ್ ಇತಿಹಾಸದಲ್ಲಿ ಕೆಲಸ ಮಾಡೋ ನಮಗೆಲ್ಲ ಈ ಚಿಂತೆ ಇದ್ದೇ ಇರುತ್ತೆ. ಅಡ್ಡಗೋಡೆ ಮೇಲೆ ದೀಪ ಇಡದೆ ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ. ಆ ಚಾಂಪಿಯನ್‌ಶಿಪ್ ನಿಜ, ಅದನ್ನ ದಾಖಲೆಯಿಂದ ಯಾರೂ ತೆಗೆಯಕ್ಕಾಗಲ್ಲ. ಆದ್ರೆ ಅದು ನಡೆದಿದ್ದು ಅಧಿಕಾರ ಎಲ್ಲಿರುತ್ತೋ ಅಲ್ಲಿಗೇ ದುಡ್ಡು, ಆಟಗಾರರು ಎಲ್ಲ ಹರಿದು ಹೋಗೋ ವ್ಯವಸ್ಥೆಯಲ್ಲಿ. ಕ್ಲಬ್ ಮೇಲೆ ಬಂದಿದ್ದನ್ನೂ ಕೆಳಗೆ ಹೋಗಿದ್ದನ್ನೂ ಆ ವ್ಯವಸ್ಥೆ ಒಳಗಿಟ್ಟೇ ನೋಡ್ಬೇಕು.

ಮೊದಲು ಆ ಕಾಲದ ಲೀಗ್ ಹೇಗಿತ್ತು ನೋಡಿ. ಇರಾಕ್ ಫುಟ್ಬಾಲ್ ಅಸೋಸಿಯೇಷನ್ ಹುಟ್ಟಿದ್ದು 1948ರಲ್ಲಿ, ಆದ್ರೆ ಇಡೀ ದೇಶದ ಕ್ಲಬ್‌ಗಳಿಗೆ ಅಂತ ಒಂದು ಲೀಗ್ ಶುರುವಾಗಿದ್ದು 1974–75ರಲ್ಲಿ. ಅದಕ್ಕೂ ಮುಂಚೆ ಬಾಗ್ದಾದಲ್ಲಿ ಒಂದು ಲೀಗ್, ಬಸ್ರಾದಲ್ಲಿ ಒಂದು, ಹೀಗೆ ಊರೂರಿಗೆ ಬೇರೆ ಬೇರೆ ನಡೀತಿತ್ತು, ಆಡ್ತಿದ್ದೋರೂ ಬಹುಪಾಲು ಸಂಸ್ಥೆಗಳ ಟೀಮು: ಏರ್ ಫೋರ್ಸ್, ಪೊಲೀಸ್, ರೈಲ್ವೆ, ಬಂದರು, ಎಣ್ಣೆ ಕಂಪನಿ. ನಮ್ಮ ಬೆಂಗಳೂರಲ್ಲಿ ಎಚ್‌ಎಎಲ್, ಐಟಿಐ ಟೀಮ್‌ಗಳು ಹೇಗೆ ಫ್ಯಾಕ್ಟರಿ ನೆರಳಲ್ಲಿ ಬೆಳೆದ್ವೋ ಹಾಗೇ, ಆದ್ರೆ ಅಲ್ಲಿ ಫ್ಯಾಕ್ಟರಿ ಬದಲು ಸರ್ಕಾರದ ಖಾತೆಗಳು. 1974ರಲ್ಲಿ ಸಂಸ್ಥೆ ಟೀಮ್ ಬೇಡ, ಕ್ಲಬ್‌ಗಳೇ ಆಡ್ಲಿ ಅಂತ ನಿಯಮ ತಂದ್ರು. ಹೆಸರು ಬದಲಾಯ್ತು, ಕ್ಲಬ್ ಅಂತ ಬೋರ್ಡು ಬಂತು, ಬೆನ್ನ ಹಿಂದಿದ್ದ ಖಾತೆ ಮಾತ್ರ ಅದೇ ಉಳೀತು. ಪೊಲೀಸರ ಅಲ್ ಶುರ್ತಾ ಇವತ್ತಿಗೂ ಗೃಹ ಖಾತೆಯದ್ದು, ಜವ್ರಾ ಸಾರಿಗೆ ಖಾತೆಯದ್ದು, ತಲಬಾ ಉನ್ನತ ಶಿಕ್ಷಣ ಖಾತೆಯದ್ದು, ನೀವು ಹೇಳಿದ ಏರ್ ಫೋರ್ಸ್ ಕ್ಲಬ್ ಅಲ್ ಕುವ್ವಾ ಅಲ್ ಜವಿಯ್ಯಾ ರಕ್ಷಣಾ ಖಾತೆಯದ್ದು. ಇದು ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಈ ಲೀಗ್‌ನಲ್ಲಿ ಬಾಗ್ದಾದ್ ಆಚೆಯವರು ಗೆಲ್ಲೋದು ಅಂದ್ರೆ ಸಾಮಾನ್ಯ ಮಾತಲ್ಲ. ಮೊದಲು ಗೆದ್ದಿದ್ದು 1977–78ರಲ್ಲಿ ಬಸ್ರಾದ ಮೀನಾ, ಬಂದರು ಕೆಲಸಗಾರರ ಕ್ಲಬ್ಬು, ಒಂದು ಮ್ಯಾಚೂ ಸೋಲದೆ ಗೆದ್ರು. ಎರಡನೇದು 1982–83ರಲ್ಲಿ ಸಲಾಹುದ್ದೀನ್. ಆಮೇಲೆ ಮತ್ತೆ ಬಾಗ್ದಾದ್ ಹೊರಗಿನ ಕ್ಲಬ್ಬೊಂದು ಲೀಗ್ ಗೆದ್ದಿದ್ದು 2006–07ರಲ್ಲಿ, ಎರ್ಬಿಲ್. ಅಂದ್ರೆ ಸದ್ದಾಂ ಕಾಲ ಪೂರ್ತಿ ಮುಗಿದ ಮೇಲೆ. ಈ ಮೂರು ವರ್ಷಗಳನ್ನ ಒಂದು ಪೇಪರ್ ಮೇಲೆ ಬರೆದು ಎದುರಿಗಿಟ್ಕೊಳ್ಳಿ, ನಿಮ್ಮ ಅರ್ಧ ಗೊಂದಲ ಅಲ್ಲೇ ಕರಗುತ್ತೆ.

ಈಗ ಮೊದಲನೇ ನಂಬಿಕೆಗೆ ಬರೋಣ, 'ಸದ್ದಾಂ ಊರು, ಅದಕ್ಕೇ ಕಪ್ ಕೊಟ್ರು'. ಸದ್ದಾಂ ಹುಟ್ಟಿದ್ದು ತಿಕ್ರಿತ್ ಪಕ್ಕದ ಅಲ್ ಔಜಾ ಹಳ್ಳೀಲಿ, ಅಧ್ಯಕ್ಷ ಆಗಿದ್ದು 1979ರಲ್ಲಿ, ಸೇನೆ, ಬೇಹುಗಾರಿಕೆ ಎಲ್ಲ ಕಡೆ ತಿಕ್ರಿತ್ ಕಡೆಯವರನ್ನೇ ತುಂಬಿದ್ದ. ಇದರಲ್ಲಿ ಅನುಮಾನ ಇಲ್ಲ. ಅಂಥ ಊರಿನ ಕ್ಲಬ್ ಎದುರು ಮ್ಯಾಚ್ ನಡೆಸೋ ರೆಫರಿ ಮನಸ್ಸಲ್ಲಿ ಏನಿದ್ದಿರ್ಬಹುದು, ಎದುರಾಳಿ ಟೀಮಿನ ಮ್ಯಾನೇಜರ್ ಎಷ್ಟು ಜೋರಾಗಿ ತಕರಾರು ಮಾಡ್ಬಹುದಿತ್ತು ಅಂತ ಯೋಚಿಸಿದ್ರೆ, ಎಲ್ಲ ಸರಿಯಾಗಿತ್ತು ಅಂತ ಕಣ್ಣು ಮುಚ್ಚಿ ಹೇಳಕ್ಕಾಗಲ್ಲ. ಆದ್ರೆ ಒಂದು ಪ್ರಶ್ನೆ ಕೇಳ್ಕೊಳ್ಳಿ. ಅಧ್ಯಕ್ಷರ ಊರು ಅನ್ನೋ ಒಂದೇ ಕಾರಣಕ್ಕೆ ಕಪ್ ಬರೋದಾಗಿದ್ರೆ 1983ರಿಂದ 2003ರ ತನಕ ಇನ್ನೂ ಇಪ್ಪತ್ತು ವರ್ಷ ಅದೇ ಮನುಷ್ಯ ಅದೇ ಕುರ್ಚಿಯಲ್ಲಿದ್ದ, ಆ ಇಪ್ಪತ್ತು ವರ್ಷದಲ್ಲಿ ಸಲಾಹುದ್ದೀನ್ ಮತ್ತೊಂದು ಸಲಾನೂ ಲೀಗ್ ಗೆಲ್ಲಲಿಲ್ಲ. 'ಕೊಟ್ಟ ಕಪ್' ಅನ್ನೋ ವಾದ ಇಲ್ಲಿಗೆ ಬಂದು ನಿಂತುಬಿಡುತ್ತೆ.

ಜನ ಇಲ್ಲಿ ಇನ್ನೊಂದು ಎಡವಟ್ಟು ಮಾಡ್ತಾರೆ, ಎರಡು ಕ್ಲಬ್ ಕಥೆ ಸೇರಿಸಿ ಒಂದು ಮಾಡಿಬಿಡ್ತಾರೆ. ಸದ್ದಾಂ ಮಗ ಉದಯ್ ಹುಸೇನ್ ಫುಟ್ಬಾಲಲ್ಲಿ ಕೈ ಹಾಕಿದ್ದು ನಿಜ, ಭೀಕರವಾಗಿ ಹಾಕಿದ್ದೂ ನಿಜ, ಆದ್ರೆ ಅವನ ಕ್ಲಬ್ ತಿಕ್ರಿತ್‌ದಲ್ಲ. ಅವನದ್ದು ಬಾಗ್ದಾದಿನ ಅಲ್ ರಶೀದ್, ಶುರು ಮಾಡಿದ್ದು 1983ರಲ್ಲಿ. ದೇಶದ ಒಳ್ಳೊಳ್ಳೆ ಆಟಗಾರರನ್ನ ಬಲವಂತವಾಗಿ ಅಲ್ಲಿಗೆ ಎಳ್ಕೊಂಡ. 1986ರ ವರ್ಲ್ಡ್ ಕಪ್‌ನಲ್ಲಿ ಬೆಲ್ಜಿಯಂ ಮೇಲೆ ಗೋಲ್ ಹೊಡೆದ ಅಹ್ಮದ್ ರಾದಿ ಕೂಡ ಜವ್ರಾ ಬಿಟ್ಟು ಅಲ್ಲಿಗೇ ಹೋಗಿ ಆಡ್ಬೇಕಾಯ್ತು. 1986–87ರಿಂದ ಮೂರು ಲೀಗ್ ಸಾಲಾಗಿ ಗೆದ್ರು, ಏಷ್ಯನ್ ಕ್ಲಬ್ ಚಾಂಪಿಯನ್‌ಶಿಪ್ ಫೈನಲ್‌ಗೂ ಹೋಗಿ ಕತಾರಿನ ಅಲ್ ಸದ್ ಎದುರು ಎರಡೂ ಲೆಗ್ (ತವರಲ್ಲಿ ಒಂದು, ಎದುರಾಳಿ ನೆಲದಲ್ಲಿ ಒಂದು ಮ್ಯಾಚ್) ಸೇರಿ ಸಮ ಆಗಿ ಎದುರಾಳಿ ನೆಲದ ಗೋಲಿನ ಲೆಕ್ಕದಲ್ಲಿ ಸೋತ್ರು, 1990ರಲ್ಲಿ ಕ್ಲಬ್ಬೇ ಮುಚ್ಚಿಹೋಯ್ತು. ಸಲಾಹುದ್ದೀನ್ ಗೆದ್ದ ಸೀಸನ್ ಮುಗಿಯೋ ಹೊತ್ತಿಗೆ ಉದಯ್ ಇನ್ನೂ 19ರ ಆಜೂಬಾಜಿನ ಹುಡುಗ, ಇರಾಕ್ ಒಲಿಂಪಿಕ್ ಕಮಿಟಿ ಅವನ ಕೈಗೆ ಬಂದಿದ್ದು ಅದರ ಮುಂದಿನ ವರ್ಷ. ಹಾಗಾಗಿ ನಿಮ್ಮ ಲೇಖನದಲ್ಲಿ 'ಉದಯ್‌ನ ಸಲಾಹುದ್ದೀನ್' ಅಂತ ಅಪ್ಪಿತಪ್ಪಿಯೂ ಬರೀಬೇಡಿ. ನನ್ನ ಓದಿನ ಪ್ರಕಾರ ಆಗಿದ್ದು ಉಲ್ಟಾ, ಆ ಮನೆತನದ ಫುಟ್ಬಾಲ್ ಆಸೆ ಬಾಗ್ದಾದಿನ ಹೊಸ ಕ್ಲಬ್ ಕಡೆ ತಿರುಗಿದ ಮೇಲೆ ತಿಕ್ರಿತ್ ಕ್ಲಬ್‌ಗೆ ಮೊದಲಿನ ಅವಕಾಶ ಉಳೀಲೇ ಇಲ್ಲ.

ಹಾಗಂತ 'ಬಡ ಊರಿನ ಪವಾಡ' ಅನ್ನೋದನ್ನೂ ನಾನು ಒಪ್ಪಲ್ಲ. ತಿಕ್ರಿತ್ ಆಗ ಬಡ ಊರಲ್ಲ. 1976ರಲ್ಲಿ ಬಾಗ್ದಾದ್ ಪ್ರಾಂತ್ಯದಿಂದ ಬೇರೆ ಮಾಡಿ ಸಲಾಹುದ್ದೀನ್ ಅಂತ ಹೊಸ ಪ್ರಾಂತ್ಯ ಮಾಡಿದ್ರು, ತಿಕ್ರಿತ್ ಅದರ ರಾಜಧಾನಿ ಆಯ್ತು. ಪ್ರಾಂತ್ಯಕ್ಕೂ ಕ್ಲಬ್ಬಿಗೂ ಹೆಸರು 12ನೇ ಶತಮಾನದ ಸುಲ್ತಾನ ಸಲಾಹುದ್ದೀನ್‌ದು, ಅವನು ಹುಟ್ಟಿದ್ದು ತಿಕ್ರಿತ್‌ನಲ್ಲೇ. ಸಣ್ಣ ಪಟ್ಟಣ ಇದ್ದದ್ದು ಆಫೀಸು, ರಸ್ತೆ, ಕಟ್ಟಡ ಅಂತ ಆ ವರ್ಷಗಳಲ್ಲೇ ಬೆಳೀತು. ಇನ್ನೊಂದು ಮುಖ್ಯ ವಿಷಯ ಯುದ್ಧ. 1980ರ ಸೆಪ್ಟೆಂಬರಿಂದ ಇರಾನ್ ಜೊತೆ ಯುದ್ಧ ನಡೀತಿತ್ತು, ಲೀಗ್ ಮಾತ್ರ ನಿಲ್ಲಿಸ್ಲಿಲ್ಲ, ಎಲ್ಲ ಸರಿಯಾಗಿದೆ ಅಂತ ತೋರಿಸ್ಕೊಳ್ಳೋಕೆ ಸರ್ಕಾರಕ್ಕೆ ಫುಟ್ಬಾಲ್ ಬೇಕಿತ್ತು. ಆಟಗಾರರ ವಯಸ್ಸು ಸೈನ್ಯಕ್ಕೆ ಕರೆಸೋ ವಯಸ್ಸೇ ಆಗಿತ್ತು. ಸಲಾಹುದ್ದೀನ್ ಗೆದ್ದ ಮರುವರ್ಷ, 1983–84ರಲ್ಲಿ, ಚಾಂಪಿಯನ್ ಆಗಿದ್ದು ಸೈನ್ಯದ ಕ್ಲಬ್ ಅಲ್ ಜೈಶ್. ಅದರ ಮುಂದಿನ ಸೀಸನ್ ಪೂರ್ತಿಯಾಗಿ ಮುಗೀಲೇ ಇಲ್ಲ. ಯಾವ ಕ್ಲಬ್ಬಿಗೆ ಯಾವ ಹುಡುಗ ಸಿಗ್ತಾನೆ ಅನ್ನೋದು ಆಟಗಾರನ ಇಷ್ಟದ ಮೇಲೆ ಮಾತ್ರ ನಿಂತಿಲ್ಲದ ಕಾಲ ಅದು. ಆ ಸೀಸನ್ ಬಗ್ಗೆ ಬರೆಯೋರು ಸ್ಕೋರ್ ಪಕ್ಕದಲ್ಲಿ ಈ ಯುದ್ಧವನ್ನ ಇಡದೇ ಹೋದ್ರೆ ಓದೋರಿಗೆ ಏನೂ ಅರ್ಥ ಆಗಲ್ಲ.

ಈಗ ಕೆಳಗೆ ಬಂದಿದ್ದು ಯಾಕೆ. ಬಹಳ ಜನ 'ಸದ್ದಾಂ ಹೋದ, ಕ್ಲಬ್ ಹೋಯ್ತು' ಅಂತ ಒಂದೇ ಸಾಲಲ್ಲಿ ಮುಗಿಸ್ತಾರೆ, ಅದು ಅರ್ಧ ಸತ್ಯ. 1990ರಲ್ಲಿ ಕುವೈತ್ ಮೇಲೆ ದಾಳಿ ಆದ ಮೇಲೆ ವಿಶ್ವಸಂಸ್ಥೆ ನಿರ್ಬಂಧ ಬಿತ್ತು, ದಿನಾರ್ ಬೆಲೆ ಪಾತಾಳಕ್ಕೆ ಹೋಯ್ತು, ಒಳ್ಳೆ ಆಟಗಾರರು ಕತಾರ್, ಲೆಬನಾನ್, ಜೋರ್ಡಾನ್ ಅಂತ ದಾರಿ ಹಿಡಿದ್ರು. ಇದು ಎಲ್ಲ ಕ್ಲಬ್‌ಗೂ ಬಿದ್ದ ಏಟು. ಬಾಗ್ದಾದಿನ ದೊಡ್ಡ ಕ್ಲಬ್‌ಗಳಿಗೆ ಕೊನೇಪಕ್ಷ ಒಂದು ಖಾತೆಯ ಆಸರೆ ಇತ್ತು, ಆಟಗಾರನಿಗೆ ಸರ್ಕಾರಿ ಸಂಬಳ, ಟ್ರೇನಿಂಗ್‌ಗೆ ಜಾಗ, ಓಡಾಡೋಕೆ ಬಸ್ಸು. ಪ್ರಾಂತ್ಯದ ಕ್ಲಬ್‌ಗಳಿಗೆ ಸಿಗೋದು ಯುವಜನ ಮತ್ತು ಕ್ರೀಡಾ ಖಾತೆಯ ಸಣ್ಣ ಅನುದಾನ, ಜೊತೆಗೆ ಪ್ರಾಂತ್ಯದ ಆಡಳಿತ ಮನಸ್ಸು ಮಾಡಿ ಕೊಟ್ಟಷ್ಟು. ಆಮೇಲೆ ಎಣ್ಣೆ ದುಡ್ಡು ವಾಪಸ್ ಹರಿಯೋಕೆ ಶುರುವಾದಾಗ್ಲೂ ಅದು ಹೋಗಿದ್ದು ಖಾತೆಗಳ ಕ್ಲಬ್‌ಗಳಿಗೇ. ಇತ್ತೀಚಿನ ವರ್ಷಗಳಲ್ಲಿ ಮೇಲಿನ ಲೀಗ್‌ನಲ್ಲಿ ಎಣ್ಣೆ ಕಂಪನಿಗಳ ಹೆಸರು ಹೊತ್ತ ಕ್ಲಬ್‌ಗಳು ಎಷ್ಟಿದ್ವು ನೋಡಿ: ನಫ್ತ್, ನಫ್ತ್ ಮೈಸಾನ್, ನಫ್ತ್ ಅಲ್ ಬಸ್ರಾ, ಹೀಗೆ. ಪ್ರಾಂತ್ಯದ ಕ್ಲಬ್‌ಗಳು ಸೋತಿದ್ದು ಮುಖ್ಯವಾಗಿ ಇಲ್ಲೇ ಅಂತ ನಾನು ಖಂಡಿತವಾಗಿ ನಂಬ್ತೀನಿ, ರಾಜಕೀಯ ಅದರ ಮೇಲೆ ಬಿದ್ದ ಇನ್ನೊಂದು ಏಟು ಅಷ್ಟೇ.

2003ರ ಯುದ್ಧದಲ್ಲಿ ಆ ವರ್ಷದ ಲೀಗ್ ಅರ್ಧಕ್ಕೇ ನಿಂತ್ಹೋಯ್ತು, ಮುಂದಿನ ವರ್ಷದ್ದೂ ಹಾಗೇ ಆಯ್ತು. ಆಮೇಲೆ ಭದ್ರತೆ ಕಾರಣಕ್ಕೆ ಉತ್ತರ, ಮಧ್ಯ, ದಕ್ಷಿಣ ಅಂತ ಗುಂಪು ಮಾಡಿ ಆಡಿಸ್ತಿದ್ರು. ಬಾಗ್ದಾದಿಂದ ತಿಕ್ರಿತ್ ಬರೀ 150 ಕಿಲೋಮೀಟರ್ ಸುಮಾರು, ಸಾಮರ್ರಾ ದಾಟಿ ಹೋಗೋ ಹೆದ್ದಾರಿ, ಆದ್ರೆ ಆ ವರ್ಷಗಳಲ್ಲಿ ಅದೇ ದಾರೀಲಿ ಬಾಂಬು, ಅಪಹರಣ, ಹೆಜ್ಜೆಗೊಂದು ಚೆಕ್‌ಪೋಸ್ಟ್. ಗುಂಪು ಮಾಡಿದ್ದರಿಂದ ಸಣ್ಣ ಕ್ಲಬ್‌ಗಳಿಗೆ ಒಂದು ಅನುಕೂಲನೂ ಆಯ್ತು, ಮೇಲಿನ ಲೀಗ್‌ನಲ್ಲಿ ಮೂವತ್ತರ ಹತ್ತಿರ ಟೀಮ್ ಇರ್ತಿದ್ವು, ಎಲ್ಲರಿಗೂ ಜಾಗ ಇತ್ತು. 2010–11ರಲ್ಲಿ 28 ಟೀಮ್ ಇದ್ದದ್ದನ್ನ 2011–12ಕ್ಕೆ 20ಕ್ಕೆ ಇಳಿಸಿದ್ರು. ಲೀಗ್ ಗುಣಮಟ್ಟಕ್ಕೆ ಅದು ಬೇಕಾಗಿತ್ತು, ಒಪ್ತೀನಿ, ಆದ್ರೆ ಖಾತೆ ಆಸರೆ ಇಲ್ಲದ ಊರಿನ ಕ್ಲಬ್‌ಗಳಿಗೆ ಬಾಗಿಲು ಮುಚ್ಚಿದ್ದೂ ಆಗ್ಲೇ.

ಇದೆಲ್ಲ ಸಾಲದು ಅಂತ 2014ರ ಜೂನ್. ಮೊಸುಲ್ ಬಿದ್ದ ಮರುದಿನಾನೇ, ಜೂನ್ 11ಕ್ಕೆ, ತಿಕ್ರಿತ್ ಐಸಿಸ್ ಕೈಗೆ ಹೋಯ್ತು. ಊರ ಪಕ್ಕದ ಸ್ಪೈಕರ್ ಸೇನಾ ನೆಲೆಯಿಂದ ಹೊರಟ, ಕೈಯಲ್ಲಿ ಆಯುಧ ಇಲ್ಲದ ಯುವ ಕೆಡೆಟ್‌ಗಳನ್ನ ಹಿಡಿದು ಸಾವಿರಕ್ಕೂ ಹೆಚ್ಚು ಜನರನ್ನ ಕೊಂದ್ರು. ಊರನ್ನ ವಾಪಸ್ ಗೆದ್ದಿದ್ದು 2015ರ ಮಾರ್ಚ್ ಕೊನೇಲಿ, ಅಷ್ಟೊತ್ತಿಗೆ ಅಲ್ಲಿನ ಜನ ಚೆಲ್ಲಾಪಿಲ್ಲಿ ಆಗಿದ್ರು, ಊರು ಜಜ್ಜಿಹೋಗಿತ್ತು. ಅಂಥಾ ಊರಲ್ಲಿ ಒಂದು ಫುಟ್ಬಾಲ್ ಕ್ಲಬ್ ಇವತ್ತೂ ಹೆಸರು ಉಳಿಸ್ಕೊಂಡು ಆಡ್ತಿದೆ ಅನ್ನೋದನ್ನ ನಾನು ಸಣ್ಣ ವಿಷಯ ಅಂತ ನೋಡಲ್ಲ. ಆ ಕಡೆ ಪ್ರತಿಭೆ ಇಲ್ಲ ಅಂತಾನೂ ಅಲ್ಲ, ಅದೇ ಪ್ರಾಂತ್ಯದ ಸಾಮರ್ರಾ ಕ್ಲಬ್ ಇತ್ತೀಚೆಗೆ ಎರಡು ಸೀಸನ್ ಮೇಲಿನ ಲೀಗ್‌ನಲ್ಲಿ ಆಡಿ 2022ರಲ್ಲಿ ವಾಪಸ್ ಇಳೀತು. ನೀವು ನೋಡಿದ ಎಎಫ್‌ಸಿ ಕಪ್ ಫೈನಲ್‌ನೂ ಇದೇ ಹಿನ್ನೆಲೇಲಿ ನೆನೆಸ್ಕೊಳ್ಳಿ. ಹಮ್ಮಾದಿ ಅಹ್ಮದ್ ಹೊಡೆದ ಒಂದು ಗೋಲಿಗೆ ನಾವು ಸೋತ ಆ ಮ್ಯಾಚ್ ನಡೆದಿದ್ದು ದೋಹಾದಲ್ಲಿ, ಇರಾಕಿ ಕ್ಲಬ್‌ಗಳಿಗೆ ಅಂತರರಾಷ್ಟ್ರೀಯ ಮ್ಯಾಚ್ ಸ್ವಂತ ನೆಲದಲ್ಲಿ ಆಡೋ ಅನುಮತಿ ಇರಲಿಲ್ಲ. 2018ರಲ್ಲಿ ಫಿಫಾ ಬಾಗಿಲು ತೆಗೆದಾಗ್ಲೂ ಅದು ಬಸ್ರಾ, ಕರ್ಬಲಾ, ಎರ್ಬಿಲ್ ಈ ಮೂರು ಊರಿಗೆ ಮಾತ್ರ.

ಇನ್ನು ನೀವು ಬರೆಯೋ ವಿಷಯ. ನಿಮ್ಮ ಮುಂದೆ ಎರಡು ಮೂರು ದಾರಿ ಇದೆ, ಒಂದೊಂದಕ್ಕೂ ಒಂದೊಂದು ಅಪಾಯ.

ಬರೀ ಅಂಕಿಅಂಶ ಇಟ್ಕೊಂಡು ಬರೆಯೋದು ಸುಲಭದ ದಾರಿ. ಆರ್‌ಎಸ್‌ಎಸ್‌ಎಸ್‌ಎಫ್ (ಫುಟ್ಬಾಲ್ ಅಂಕಿಅಂಶ ಕೂಡಿಡೋ ವೆಬ್‌ಸೈಟ್) ತರದ ಕಡೆ ಇರಾಕ್ ಲೀಗ್ ಪಟ್ಟಿಗಳು ಸಿಗುತ್ವೆ. ಯಾರಿಗೂ ತೊಂದರೆ ಆಗಲ್ಲ, ಆದ್ರೆ ಒಬ್ಬರ ತಪ್ಪನ್ನ ಹತ್ತು ಜನ ನಕಲು ಮಾಡಿರ್ತಾರೆ. ಸೀಸನ್ 1982–83 ಅಂತ ಒಂದು ಕಡೆ, ಬರೀ 1983 ಅಂತ ಇನ್ನೊಂದು ಕಡೆ ಇದ್ರೆ ಅದು ಎರಡು ಕಪ್ ಅಲ್ಲ, ಒಂದೇ. ಎರ್ಬಿಲ್ ಹತ್ತಿರ ಸಲಾಹುದ್ದೀನ್ ಅನ್ನೋ ಊರಿದೆ, ಎರ್ಬಿಲ್‌ನಲ್ಲೇ ಸಲಾಹುದ್ದೀನ್ ಯೂನಿವರ್ಸಿಟಿ ಇದೆ, ಅವಕ್ಕೂ ಈ ಕ್ಲಬ್ಬಿಗೂ ಸಂಬಂಧ ಇಲ್ಲ, ಫೋಟೋ ಹುಡುಕುವಾಗ ಇದು ನೋಡ್ಕೊಳ್ಳಿ. 2023ರಲ್ಲಿ ಸ್ಪೇನಿನ ಲಾಲಿಗಾ ಜೊತೆ ಸೇರಿ ಮೇಲಿನ ಲೀಗಿಗೆ ಇರಾಕ್ ಸ್ಟಾರ್ಸ್ ಲೀಗ್ ಅಂತ ಹೆಸರಿಟ್ರು, ಅಲ್ಲಿಂದ ಪ್ರೀಮಿಯರ್ ಡಿವಿಷನ್ ಅಂದ್ರೆ ಎರಡನೇ ಹಂತ, ಫಸ್ಟ್ ಡಿವಿಷನ್ ಅಂದ್ರೆ ಮೂರನೇದು. ಹಳೇ ಲೆಕ್ಕದಲ್ಲಿ ಓದಿದ್ರೆ ಕ್ಲಬ್ ಎಲ್ಲಿದೆ ಅನ್ನೋದೇ ತಲೆಕೆಳಗಾಗುತ್ತೆ.

ಆಗಿನ ಪತ್ರಿಕೆ ಹುಡುಕಿ ಬರೆಯೋದು ಇನ್ನೊಂದು ದಾರಿ. ಅಲ್ ಥೌರಾ ಸದ್ದಾಂನ ಬಾಥ್ ಪಕ್ಷದ್ದು, ಅಲ್ ಜುಮ್ಹೂರಿಯಾ ಸರ್ಕಾರದ್ದು, ಎರಡರಲ್ಲೂ ಮ್ಯಾಚ್ ವರದಿ ಬರ್ತಿತ್ತು. ತಾರೀಖು, ಸ್ಕೋರು, ಗೋಲ್ ಹೊಡೆದೋರ ಹೆಸರಿಗೆ ಇವನ್ನ ನಂಬ್ಬಹುದು. ರೆಫರಿ ತಪ್ಪು ಮಾಡಿದ, ಆಟಗಾರನನ್ನ ಬಲವಂತವಾಗಿ ಕರ್ಕೊಂಡು ಹೋದ್ರು ಅಂತ ಅದರಲ್ಲಿ ಹುಡುಕಿ ಸಿಗ್ಲಿಲ್ಲ ಅಂದ್ರೆ ಹಾಗೇನೂ ನಡೆದಿಲ್ಲ ಅಂತ ಅರ್ಥ ಅಲ್ಲ. ಮೇಲಾಗಿ 2003ರ ಏಪ್ರಿಲ್‌ನಲ್ಲಿ ಬಾಗ್ದಾದಿನ ನ್ಯಾಷನಲ್ ಲೈಬ್ರರಿಗೆ ಬೆಂಕಿ ಬಿದ್ದು ಎಷ್ಟೋ ದಾಖಲೆ ಸುಟ್ಟುಹೋಯ್ತು.

ಆಟಗಾರರನ್ನ ಮಾತಾಡಿಸೋದು ಬೆಲೆಬಾಳೋ ದಾರಿ, ಅಪಾಯನೂ ಇಲ್ಲೇ ಜಾಸ್ತಿ. ಒಂದು ನಡೆದ ವಿಷಯ ಹೇಳ್ತೀನಿ. 1997ರಲ್ಲಿ ವರ್ಲ್ಡ್ ಕಪ್ ಕ್ವಾಲಿಫೈಯರ್‌ನಲ್ಲಿ ಇರಾಕ್ ಕಝಾಕಸ್ತಾನ್ ಎದುರು ಸೋತಾಗ ಆಟಗಾರರಿಗೆ ಹಿಂಸೆ ಕೊಟ್ರು ಅಂತ ಸುದ್ದಿ ಹಬ್ಬಿತು, ಫಿಫಾ ಬಾಗ್ದಾದಿಗೆ ಜನ ಕಳಿಸಿ ವಿಚಾರಿಸ್ತು, ಆಟಗಾರರು ಏನೂ ಆಗಿಲ್ಲ ಅಂದ್ರು, ಫೈಲ್ ಮುಚ್ಚಿತು. ಆಮೇಲೆ ದೇಶ ಬಿಟ್ಟು ಹೋದ ಶರಾರ್ ಹೈದರ್ ತರದ ಆಟಗಾರರು ತಮಗಾದ ಹಿಂಸೆಯನ್ನ ಬಹಿರಂಗವಾಗಿ ಹೇಳಿದ್ರು. ಭಯ ಇರೋ ಕಡೆ ಕೇಳಿದ ಪ್ರಶ್ನೆಗೆ ಬಂದ ಉತ್ತರ ಎಷ್ಟರ ಮಟ್ಟಿಗೆ ಉತ್ತರ ಅನ್ನೋದು ಇದರಲ್ಲೇ ಗೊತ್ತಾಗುತ್ತೆ. ಈಗ ಭಯದ ದಿಕ್ಕು ಬದಲಾಗಿದೆ ಅಷ್ಟೇ. 2003ರ ನಂತರ ಬಾಥ್ ಪಕ್ಷದ ನಂಟು ಇದ್ದೋರನ್ನ ಸರ್ಕಾರಿ ಕೆಲಸದಿಂದ ತೆಗೆಯೋ ಕಾನೂನು ಬಂತು, ತಿಕ್ರಿತ್‌ನವರು ಅಂದ್ರೆ ಸಾಕು ಅನುಮಾನದಿಂದ ನೋಡಿದ ವರ್ಷಗಳೂ ಇದ್ವು. ಅರವತ್ತು ದಾಟಿದ ಹಳೇ ಆಟಗಾರನ ಹೆಸರು ಹಾಕಿ 'ಅಧ್ಯಕ್ಷರ ಕಡೆಯಿಂದ ಗಿಫ್ಟ್ ಬಂತು ಅಂತ ಇವರೇ ಹೇಳಿದ್ರು' ಅಂತ ನೀವು ಬರೆದ್ರೆ, ಅದನ್ನ ಯಾರೋ ಗೂಗಲ್‌ನಲ್ಲಿ ಅರಬ್ಬಿಗೆ ತಿರುಗಿಸಿ ಅವರ ಊರಲ್ಲೇ ಹಂಚ್ಬಹುದು. ಕನ್ನಡದಲ್ಲಿ ಬರೆದಿದ್ದು ಅಲ್ಲಿಗೆ ತಲುಪಲ್ಲ ಅಂತ ಅಂದ್ಕೋಬೇಡಿ.

ಅದಕ್ಕೆ ನನ್ನ ಸಲಹೆ ಇಷ್ಟು. ಇಡೀ ಇತಿಹಾಸಕ್ಕೆ ಕೈ ಹಾಕ್ಬೇಡಿ, 1982–83ರ ಆ ಒಂದು ಸೀಸನ್ ತಗೊಳ್ಳಿ, ಅದರ ಹಿಂದೆ ಯುದ್ಧ, ಮುಂದೆ ಅಲ್ ಜೈಶ್ ಮತ್ತು ಅಲ್ ರಶೀದ್, ಕೊನೇಗೆ ಕ್ಲಬ್ ಈಗಿರೋ ಸ್ಥಿತಿ, ಸಾಕು. ಆಟಗಾರರನ್ನ ಮಾತಾಡಿಸೋದಾದ್ರೆ ಮೊದಲ ಮೆಸೇಜಲ್ಲಿ ಸದ್ದಾಂ ಹೆಸರು ಎತ್ತಬೇಡಿ. ಯಾವ ಪೊಸಿಷನ್ ಆಡ್ತಿದ್ರಿ, ಎಲ್ಲಿ ಪ್ರಾಕ್ಟೀಸ್ ಮಾಡ್ತಿದ್ರಿ, ಬಾಗ್ದಾದಿಗೆ ಹೇಗೆ ಹೋಗ್ತಿದ್ರಿ, ಯಾವ ಮ್ಯಾಚ್ ಮರೆತಿಲ್ಲ ಅಂತ ಕೇಳಿ. ಆಟದ ವಿಷಯ ಕೇಳಿದ್ರೆ ಹಳೇ ಆಟಗಾರರು ಮನಸ್ಸು ಬಿಚ್ಚಿ ಮಾತಾಡ್ತಾರೆ, ರಾಜಕೀಯ ಬರೋದಿದ್ರೆ ಅದು ತಾನಾಗೇ ಬರುತ್ತೆ. ಹಾಗೆ ಬಂದ ಮಾತನ್ನ ಹೆಸರಿಲ್ಲದೆ, ಅವರ ಒಪ್ಪಿಗೆ ಲಿಖಿತವಾಗಿ ತಗೊಂಡು, ಇನ್ನೊಂದು ಮೂಲ ಸಿಕ್ಕಿದ್ರೆ ಮಾತ್ರ ಬಳಸಿ. ಇನ್ನೊಂದು ಮೂಲ ಸಿಗ್ಲಿಲ್ಲ ಅಂದ್ರೆ ಆ ಮಾತು ಎಷ್ಟೇ ರುಚಿಯಾಗಿದ್ರೂ ಬಿಟ್ಬಿಡಿ.

ಸ್ಥಾಪನೆ ವರ್ಷದ ಬಗ್ಗೆನೂ ಒಂದು ಮಾತು, ಇದು ಎಲ್ಲರೂ ಮೊದಲ ಸಾಲಲ್ಲೇ ಬರೆಯೋ ವಿಷಯ. ಇರಾಕಿ ಕ್ಲಬ್‌ಗಳ ವಿಷಯದಲ್ಲಿ ಟೀಮ್ ಆಡೋಕೆ ಶುರು ಮಾಡಿದ ವರ್ಷ, ಕ್ಲಬ್ ಅಂತ ರಿಜಿಸ್ಟರ್ ಆದ ವರ್ಷ, ಈಗಿನ ಹೆಸರು ಬಂದ ವರ್ಷ ಬೇರೆ ಬೇರೆ ಇರ್ಬಹುದು. ಎರಡು ಕಡೆ ಎರಡು ವರ್ಷ ಸಿಕ್ಕಿದ್ರೆ ಒಂದನ್ನ ಆರಿಸ್ಕೊಂಡು ಇನ್ನೊಂದನ್ನ ಮುಚ್ಚಿಡಬೇಡಿ, ಎರಡನ್ನೂ ಬರೆದು ಯಾವುದು ಯಾವ ಲೆಕ್ಕ ಅಂತ ಹೇಳಿ. ಇಬ್ಬರು ಮೂವರು ಅರಬ್ಬಿ ಓದೋಕೆ ಬರೋರಿಂದ ಹೆಸರುಗಳ ಉಚ್ಚಾರ ಸರಿ ಮಾಡಿಸ್ಕೊಂಡು, ಡ್ರಾಫ್ಟ್ ಆದ ಮೇಲೆ ಕಳಿಸಿ, 1982–83ರ ಭಾಗವನ್ನ ನಾನು ಸಾಲು ಸಾಲು ನೋಡಿ ಕೊಡ್ತೀನಿ.